ಮಳೆ ಹಿಡಿದಾಗಲೆಲ್ಲ ಮನಸ್ಸಿಗೂ ಮಂಕು ಕವಿಯುತ್ತದೆಯೇ?

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಒಂದು ಮೊಳೆ ಇದೆ. ಹೊಸ ವರ್ಷದ ಕ್ಯಾಲೆಂಡರ್ ಬಂದಾಗ ಹಳೆಯದನ್ನು ತೆಗೆಯುವುದಿಲ್ಲ, ಅದರ ಮೇಲೇ ನೇತು ಹಾಕುತ್ತೇವೆ. ಪಕ್ಕದ ಎರಡು ಮನೆಗೆ ಕೊಡುವ ಹಾಲಿನ ಲೆಕ್ಕವನ್ನು ನಾನು ಅದರಲ್ಲೇ ಬರೆಯುವುದು. ಒಮ್ಮೆ ಹಳೆಯ ಬಾಕಿ ನೋಡಲು ಮೂರು ವರ್ಷದ ಕ್ಯಾಲೆಂಡರ್‌ಗಳನ್ನು ಇಳಿಸಿ ಹರಡಿಕೊಂಡೆ. ಮೂರರಲ್ಲೂ ಒಂದೇ ಕಥೆ. ಮೇ ಕೊನೆಯವರೆಗೆ ದಿನವೂ ಅಂಕಿ. ಜೂನ್ ಮೂರನೇ ವಾರದಿಂದ ಅಲ್ಲೊಂದು ಇಲ್ಲೊಂದು. ಜುಲೈ, ಆಗಸ್ಟ್ ಹೆಚ್ಚುಕಡಿಮೆ ಖಾಲಿ. ನವರಾತ್ರಿ ಹೊತ್ತಿಗೆ ಮತ್ತೆ ಸಾಲಾಗಿ ಅಂಕಿ. ಆಕಳು ಹಾಲು ಕೊಡುವುದನ್ನು ನಿಲ್ಲಿಸಿರಲಿಲ್ಲ. ನಾನು ಬರೆಯುವುದನ್ನು ನಿಲ್ಲಿಸಿದ್ದೆ.

ನಾನು ಹುಟ್ಟಿದ್ದು ಕಾರವಾರದಲ್ಲಿ, ಮದುವೆಯಾಗಿ ಬಂದಿದ್ದು ಶಿರಸಿ ಕಡೆಯ ಹಳ್ಳಿಗೆ. ಪೇಟೆಯ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ಹಾಗಾಗಿ ಮಳೆ ನನಗೆ ಹೊಸತಲ್ಲ. ಆದರೆ ಆ ಖಾಲಿ ತಿಂಗಳುಗಳಲ್ಲಿ ನಾನು ಹೇಗಿದ್ದೆ ಎಂದು ನೆನಪು ಮಾಡಿಕೊಂಡಾಗ ಹೆದರಿಕೆಯಾಯಿತು. ಒಂಬತ್ತು ತಾಸು ಮಲಗಿದರೂ ಎದ್ದೇಳಲು ಆಗುತ್ತಿರಲಿಲ್ಲ. ಊಟವಾದ ಮೇಲೂ ಹಪ್ಪಳದ ಡಬ್ಬಿಗೆ ಕೈ ಹೋಗುತ್ತಿತ್ತು. ಕಚೇರಿಯಲ್ಲಿ ಒಂದೇ ಸಾಲನ್ನು ನಾಲ್ಕು ಸಲ ಕೂಡಿಸುತ್ತಿದ್ದೆ. ಮನೆಯಲ್ಲಿ ಯಾರಾದರೂ ಮಾತಾಡಿಸಿದರೆ ಸಾಕು, ಅಳು ಇಲ್ಲವೇ ಸಿಟ್ಟು. ಪ್ರತಿ ವರ್ಷವೂ ಒಂದೊಂದು ಕಾರಣ ಸಿಕ್ಕಿತ್ತು. ಒಂದು ವರ್ಷ ಆಡಿಟ್, ಇನ್ನೊಂದು ವರ್ಷ ಮಗಳ ಜ್ವರ, ಮತ್ತೊಂದು ವರ್ಷ ಮನೆಯವರ ಜೊತೆ ಜಗಳ. ಕಾರಣ ಬದಲಾಗುತ್ತಿತ್ತು, ತಿಂಗಳು ಮಾತ್ರ ಅದೇ.

ಈ ಬಗೆಯ ಬೇನೆಗೆ ಒಂದು ಹೆಸರಿದೆ. ಋತುಮಾನದ ಖಿನ್ನತೆ. ವೈದ್ಯರು ಸೀಸನಲ್ ಅಫೆಕ್ಟಿವ್ ಡಿಸಾರ್ಡರ್ ಅನ್ನುತ್ತಾರೆ. ಇದನ್ನು ಮೊದಲು ಸರಿಯಾಗಿ ವಿವರಿಸಿದ್ದು 1984ರಲ್ಲಿ, ಅಮೆರಿಕದ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ನಾರ್ಮನ್ ರೋಸೆಂಥಾಲ್ ಮತ್ತು ಅವರ ಜೊತೆಗಾರರು. ರೋಸೆಂಥಾಲ್ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಿಂದ ಅಮೆರಿಕಕ್ಕೆ ಹೋದವರು. ಬಿಸಿಲಿನ ಊರಿನಿಂದ ಬಂದ ಅವರಿಗೆ ಅಲ್ಲಿಯ ಚಳಿಗಾಲದಲ್ಲಿ ತಮ್ಮ ಚುರುಕು ಕುಗ್ಗುವುದು ಗೊತ್ತಾಗಿತ್ತು. ಇದು ಬೇರೆಯೇ ಒಂದು ರೋಗ ಅಲ್ಲ. ಖಿನ್ನತೆಯೇ, ಆದರೆ ವರ್ಷದ ಒಂದು ಗೊತ್ತಾದ ಕಾಲಕ್ಕೆ ಬಂದು ಇನ್ನೊಂದು ಗೊತ್ತಾದ ಕಾಲಕ್ಕೆ ಹೋಗುವಂಥದ್ದು. ಸತತ ಎರಡು ವರ್ಷವಾದರೂ ಹೀಗೆ ಬಂದು ಹೋಗಿದ್ದರೆ ಮಾತ್ರ ವೈದ್ಯರು ಆ ಹೆಸರು ಕೊಡುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಸಾಮಾನ್ಯ ಖಿನ್ನತೆಯಲ್ಲಿ ನಿದ್ದೆ ಹಾರಿಹೋಗುವುದು, ಊಟ ಸೇರದಿರುವುದು ಹೆಚ್ಚು. ಇದರಲ್ಲಿ ಬಹಳ ಜನಕ್ಕೆ ಉಲ್ಟಾ. ನಿದ್ದೆ ಜಾಸ್ತಿ, ಹಸಿವು ಜಾಸ್ತಿ, ಅದರಲ್ಲೂ ಅನ್ನ, ಹಿಟ್ಟು, ಸಿಹಿ, ಕರಿದದ್ದು ಬೇಕು ಅನ್ನಿಸುತ್ತದೆ. ಕೈಕಾಲು ಭಾರ. ಜನ ಬೇಡ. ಬೇಸಿಗೆಯಲ್ಲಿ ಬರುವ ಬಗೆಯೂ ಒಂದಿದೆ, ಅದರಲ್ಲಿ ನಿದ್ದೆಗೇಡು ಮತ್ತು ಚಡಪಡಿಕೆ ಮುಂದೆ ನಿಲ್ಲುತ್ತದೆ.

ಇದನ್ನು ಓದಿದಾಗ ನನಗೆ ಬಂದ ಮೊದಲ ಪ್ರಶ್ನೆ, ಇದು ಹಿಮ ಬೀಳುವ ದೇಶದ ಕಾಯಿಲೆ ಅಲ್ವಾ? ನಮ್ಮಲ್ಲಿ ಡಿಸೆಂಬರ್ ಅಂದರೆ ಫಳಫಳ ಬಿಸಿಲು, ಅಡಿಕೆ ಕೊಯ್ಲು, ಯಕ್ಷಗಾನ ಆಟದ ಮೇಳಗಳ ಓಡಾಟ. ವರ್ಷದಲ್ಲೇ ಚಂದದ ಕಾಲ.

ಉತ್ತರ ಇರುವುದು ಬೆಳಕಿನಲ್ಲಿ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಡಿಸೆಂಬರ್ ಹಗಲು ಸುಮಾರು 6 ತಾಸು ಮಾತ್ರ. ನಮ್ಮ ಕಾರವಾರ ಭೂಮಧ್ಯರೇಖೆಯಿಂದ 15 ಡಿಗ್ರಿಯಷ್ಟೇ ದೂರ. ಡಿಸೆಂಬರಿನಲ್ಲೂ 11 ತಾಸಿಗೆ ಕಮ್ಮಿ ಇಲ್ಲ. ಜೂನ್‌ನಲ್ಲಿ ಸುಮಾರು 13 ತಾಸು. ಅಂದರೆ ವರ್ಷದ ಅತಿ ಉದ್ದದ ಹಗಲು ನಮಗೆ ಸಿಗುವುದು ಜೂನ್ 21ರ ಆಸುಪಾಸು, ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಸರಿಯಾಗಿ. ಹಗಲು ಉದ್ದ ಇದೆ, ಬೆಳಕೇ ಇಲ್ಲ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅವರ ಕತ್ತಲೆಯ ಕಾಲ ಚಳಿಗಾಲ. ನಮ್ಮದು ಮಳೆಗಾಲ.

ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಚೈತ್ರದ ನೆತ್ತಿ ಬಿಸಿಲು 1 ಲಕ್ಷ ಲಕ್ಸ್ ಹತ್ತಿರ. ಮೋಡ ಕವಿದ ದಿನ ಬಯಲಿನಲ್ಲಿ ಕೆಲವು ಸಾವಿರ, ತೀರಾ ಕಪ್ಪಿಟ್ಟರೆ ಒಂದು ಸಾವಿರದ ಆಸುಪಾಸು. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ 100ರಿಂದ 300. ನಮ್ಮ ಕಣ್ಣು ಯಾವ ಬೆಳಕಿಗೂ ಬೇಗ ಹೊಂದಿಕೊಳ್ಳುವುದರಿಂದ ಇಷ್ಟು ಅಂತರ ಇದೆ ಎಂದು ಗೊತ್ತೇ ಆಗುವುದಿಲ್ಲ. ಒಂದು ಜುಲೈ ಬೆಳಿಗ್ಗೆ ಮೊಬೈಲಿನ ಆ್ಯಪ್ ಹಿಡಿದು ನಾನೇ ಅಳೆದೆ. ಅದರ ಅಳತೆ ಅಷ್ಟು ಕರಾರುವಾಕ್ಕಲ್ಲ, ಆದರೆ ಅಂದಾಜು ಸಿಗುತ್ತದೆ. ಎರಚಲು ಹೊಡೆಯದಿರಲಿ ಎಂದು ನಮ್ಮ ಕಡೆ ಮಳೆಗಾಲಕ್ಕೆ ಜಗುಲಿಯ ಸುತ್ತ ಸೋಗೆ ತಟ್ಟಿ ಕಟ್ಟುತ್ತೇವಲ್ಲ, ಅದರ ಒಳಗೆ ಕೂತರೆ ನಲವತ್ತು ದಾಟಲಿಲ್ಲ. ಅಡುಗೆಮನೆಯಲ್ಲಿ ಇನ್ನೂ ಕಮ್ಮಿ. ಛತ್ರಿ ಹಿಡಿದು ಅಂಗಳಕ್ಕೆ ಇಳಿದೆ. ಸುರಿಯುವ ಮಳೆಯಲ್ಲೂ ಮೂರು ಸಾವಿರ ತೋರಿಸಿತು. ತಟ್ಟಿಯಿಂದ ಹತ್ತು ಹೆಜ್ಜೆ, ಅಷ್ಟೇ. ಎರಚಲು ತಡೆಯಲು ಕಟ್ಟಿದ ತಟ್ಟಿ ಬೆಳಕನ್ನೂ ತಡೆಯುತ್ತಿತ್ತು.

ಈ ಬೆಳಕು ಮನಸ್ಸಿಗೆ ಯಾಕೆ ಬೇಕು? ನಮ್ಮ ಮಿದುಳಿನ ಒಳಗೆ, ಎರಡೂ ಕಣ್ಣಿನ ನರಗಳು ಕೂಡುವ ಜಾಗದ ಮೇಲೆ, ಒಂದು ಸಣ್ಣ ಗಡಿಯಾರವಿದೆ. ಯಾವಾಗ ನಿದ್ದೆ, ಯಾವಾಗ ಎಚ್ಚರ, ಯಾವಾಗ ಮೈ ಬಿಸಿ ಏರಬೇಕು, ಯಾವಾಗ ಹಸಿವಾಗಬೇಕು ಎಂಬುದನ್ನೆಲ್ಲ ಅದು ನೋಡಿಕೊಳ್ಳುತ್ತದೆ. ಆದರೆ ಬಹುತೇಕ ಜನರಲ್ಲಿ ಅದು ದಿನಕ್ಕೆ ಕೆಲವು ನಿಮಿಷ ಹಿಂದೆ ಬೀಳುವ ಗಡಿಯಾರ. ಅದರ ದಿನ 24 ತಾಸಿಗಿಂತ ತುಸು ಉದ್ದ. ಹಳೆಯ ಗೋಡೆ ಗಡಿಯಾರಕ್ಕೆ ದಿನವೂ ಮುಳ್ಳು ಸರಿ ಮಾಡಿದ ಹಾಗೆ ಇದಕ್ಕೂ ಮಾಡಬೇಕು. ಮಾಡುವುದು ಬೆಳಗಿನ ಬೆಳಕು. ಕಣ್ಣಿನ ಹಿಂದಿನ ಪರದೆಯಲ್ಲಿ ನೋಟಕ್ಕೆಂದೇ ಇರುವ ಕೋಶಗಳ ಜೊತೆಗೆ, ಹಗಲೋ ರಾತ್ರಿಯೋ ಎಂದು ಈ ಗಡಿಯಾರಕ್ಕೆ ಸುದ್ದಿ ಮುಟ್ಟಿಸುವ ಬೇರೆ ಕೋಶಗಳೂ ಇವೆ. ಕಣ್ಣು ಕಾಣದ ಕೆಲವರಲ್ಲೂ ಇವು ಕೆಲಸ ಮಾಡುತ್ತವೆ. ಬೆಳಗಿನ ಬೆಳಕು ಸಾಕಷ್ಟು ಬೀಳದಿದ್ದರೆ ಗಡಿಯಾರ ಹಿಂದೆ ಬೀಳುತ್ತಾ ಹೋಗುತ್ತದೆ. ಗೋಡೆಯ ಗಡಿಯಾರದಲ್ಲಿ ಏಳು ಗಂಟೆ, ಮೈಗೆ ಇನ್ನೂ ನಸುಕಿನ ನಾಲ್ಕು. ರಾತ್ರಿ ನಿದ್ದೆಗೆ ಕರೆಯುವ ಮೆಲಟೋನಿನ್ ಎಂಬ ರಸ ಬೆಳಿಗ್ಗೆಯೂ ಮೈಯಲ್ಲಿ ಉಳಿದಿರುತ್ತದೆ. ಮನಸ್ಸಿನ ಏರಿಳಿತಕ್ಕೆ ಸಂಬಂಧಪಟ್ಟ ಸೆರೊಟೋನಿನ್ ಕೂಡ ಬೆಳಕಿನ ಜೊತೆ ಹೆಚ್ಚುಕಮ್ಮಿ ಆಗುತ್ತದೆ. ಹಾಗಾಗಿ ಬೆಳಿಗ್ಗೆ ಏಳಲಾಗದವರನ್ನು ಸೋಮಾರಿ ಎಂದು ಬೈಯುವ ಮೊದಲು ಒಂದು ಕ್ಷಣ ತಡೆಯಿರಿ. ಈ ಮಾತನ್ನು ನಾನು ಮೊದಲು ಹೇಳಿಕೊಳ್ಳಬೇಕಾಗಿದ್ದು ನನಗೇ.

ಇಲ್ಲಿ ಒಂದು ಎಚ್ಚರ ಬೇಕು. ಮಳೆಗಾಲದ ಎಲ್ಲ ದುಃಖವೂ ಇದೇ ಅಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರ, ತದಡಿ, ಹೊನ್ನಾವರ, ಭಟ್ಕಳದ ಬಂದರುಗಳಲ್ಲಿ ಬೋಟುಗಳು ಸಾಲಾಗಿ ಕಟ್ಟಿ ನಿಂತಿರುತ್ತವೆ. ಎರಡು ತಿಂಗಳು ದುಡಿಮೆ ಇಲ್ಲದೆ ಮನೆಯಲ್ಲಿ ಕೂತ ಮೀನುಗಾರನ ಬೇಸರಕ್ಕೆ ಬೆಳಕಿಗಿಂತ ಕೈ ಖಾಲಿ ಇರುವುದೇ ಕಾರಣ ಇರಬಹುದು. ವೈದ್ಯರ ನಿಯಮದಲ್ಲೂ ಇದಕ್ಕೆ ಜಾಗವಿದೆ. ಪ್ರತಿ ವರ್ಷ ಅದೇ ಕಾಲಕ್ಕೆ ಕೆಲಸ ಹೋಗುವಂಥ ಸ್ಪಷ್ಟ ಕಾರಣ ಇದ್ದರೆ ಅದನ್ನು ಋತುಮಾನದ ಖಿನ್ನತೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಘಟ್ಟದ ಮೇಲೆ ಅಡಿಕೆಗೆ ಕೊಳೆ ರೋಗ ಬಂದು, ಬೋರ್ಡೋ ಔಷಧ ಹೊಡೆಯಲು ಒಂದು ದಿನವೂ ಮಳೆ ಬಿಟ್ಟು ಹೊಳವಾಗದೆ, ಉದುರಿದ ಕಾಯಿ ನೋಡುತ್ತಾ ನಿಂತ ತೋಟಿಗನದ್ದೂ ಹಾಗೇ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಮೇಲೆ ನಮ್ಮ ಕಡೆ ಎಷ್ಟೋ ಜನರಿಗೆ ಜೋರು ಮಳೆ ಬಂದರೆ ಎದೆ ಡವಡವ. ಅದು ಭಯ. ಅದಕ್ಕೆ ಬೇರೆ ಬಗೆಯ ಮಾತು, ಬೇರೆ ಬಗೆಯ ಆರೈಕೆ ಬೇಕು. ಹೆಸರು ಬೇರೆ ಆದರೂ ಸಂಕಟ ಸಂಕಟವೇ. ಮೂರರಲ್ಲಿ ಯಾವುದಿದ್ದರೂ ಸಹಾಯ ಕೇಳಬಹುದು. ಯಾವುದು ಎಂದು ಗೊತ್ತಾದರೆ ಸರಿಯಾದ ಸಹಾಯ ಸಿಗುತ್ತದೆ, ಅದಕ್ಕೇ ಇಷ್ಟು ಹೇಳಿದ್ದು.

ಇನ್ನೊಂದು ಮಾತು. ಸುಸ್ತು, ಮಂಕು, ತೂಕ ಏರುವುದು ಥೈರಾಯ್ಡ್ ಏರುಪೇರಿನಲ್ಲೂ ಇರುತ್ತದೆ. ರಕ್ತ ಕಮ್ಮಿ ಇದ್ದರೂ ಸುಸ್ತು. ಬರೀ ಸಸ್ಯಾಹಾರದವರಲ್ಲಿ ಬಿ12 ಕೊರತೆ ಬಹಳ ಸಾಮಾನ್ಯ. ಒಂದು ರಕ್ತ ಪರೀಕ್ಷೆ ಮಾಡಿಸಿಕೊಂಡರೆ ಇವು ಗೊತ್ತಾಗುತ್ತವೆ. ನಾನು ಮೊದಲು ತೋರಿಸಿದ ಕಡೆ ಯಾವ ಪರೀಕ್ಷೆಯೂ ಇಲ್ಲದೆ ಒಂದು ಟಾನಿಕ್ ಬಾಟಲಿ ಕೊಟ್ಟು ಕಳಿಸಿದ್ದರು. ಒಂದು ವರ್ಷ ಸುಮ್ನೆ ಹೋಯಿತು.

ಕೆಲಸದ ಜಾಗಕ್ಕೆ ಬರೋಣ. ಅಲ್ಲಿ ಈ ಬೇನೆ ಖಿನ್ನತೆಯ ಮುಖ ಹೊತ್ತು ಬರುವುದಿಲ್ಲ. ತಡವಾಗಿ ಬರುವವಳು, ಮರೆಯುವವಳು, ಮುಖ ಗಂಟು ಹಾಕಿಕೊಂಡವಳು ಎಂದು ಕಾಣಿಸುತ್ತದೆ. ನಾನು ಮಾಡಿದ ದೊಡ್ಡ ತಪ್ಪೆಂದರೆ ಅದನ್ನು ಮುಚ್ಚಿಡಲು ಹೋಗಿದ್ದು. ಬೆಳಿಗ್ಗೆ ಆಗದ ಕೆಲಸವನ್ನು ರಾತ್ರಿ ಹನ್ನೊಂದರವರೆಗೆ ಕೂತು ಮಾಡುತ್ತಿದ್ದೆ. ರಾತ್ರಿ ಕಣ್ಣೆದುರು ಪರದೆಯ ಬೆಳಕು, ಬೆಳಿಗ್ಗೆ ಕತ್ತಲೆ. ಮೊದಲೇ ಹಿಂದೆ ಬಿದ್ದ ಗಡಿಯಾರವನ್ನು ನಾನೇ ಇನ್ನಷ್ಟು ಹಿಂದೆ ತಳ್ಳುತ್ತಿದ್ದೆ.

ಬದಲಾಗಿದ್ದು ಸಣ್ಣ ಸಣ್ಣದು. ನನ್ನ ಕುರ್ಚಿ ಕಪಾಟಿನ ಹಿಂದೆ ಇತ್ತು. ಕಿಟಕಿ ಪಕ್ಕ ಕೊಡಿ ಎಂದು ಕೇಳಿದೆ, ಕೊಟ್ಟರು. ಕೇಳಲು ಮೂರು ವರ್ಷ ಬೇಕಾಗಿತ್ತು, ಕೊಡಲು ಒಂದು ನಿಮಿಷ. ಮೇಲಿನವರಿಗೆ ಕಾಯಿಲೆಯ ಹೆಸರು ಹೇಳಲೇಬೇಕೆಂದಿಲ್ಲ. ‘ಮಳೆಗಾಲದಲ್ಲಿ ನನಗೆ ಬೆಳಿಗ್ಗೆ ಆರೋಗ್ಯ ಸರಿ ಇರುವುದಿಲ್ಲ, ಡಾಕ್ಟರಿಗೆ ತೋರಿಸುತ್ತಿದ್ದೇನೆ, ದೊಡ್ಡ ಲೆಕ್ಕ ಹನ್ನೊಂದರ ಮೇಲೆ ಮಾಡುತ್ತೇನೆ’ ಎಂದರೆ ಸಾಕು. ಏನು ತೊಂದರೆ ಎನ್ನುವುದಕ್ಕಿಂತ ಏನು ಬೇಕು ಎಂದು ಹೇಳಿದರೆ ಕೇಳುವವರಿಗೂ ಸುಲಭ. ಮಾರ್ಚ್‌ನಂಥ ಚುರುಕಿನ ತಿಂಗಳಲ್ಲಿ ಒಪ್ಪಿಕೊಂಡ ಕೆಲಸವನ್ನು ಜುಲೈಗೆ ಮುಗಿಸುತ್ತೇನೆ ಎಂದು ಈಗ ಹೇಳುವುದಿಲ್ಲ. ಮೇ ಒಳಗೆ ಇಲ್ಲವೇ ಅಕ್ಟೋಬರ್‌ಗೆ ಎನ್ನುತ್ತೇನೆ. ಮಳೆಗಾಲಕ್ಕೆ ಕಟ್ಟಿಗೆ, ದರಕು (ಒಣ ಎಲೆ), ಹಪ್ಪಳ ಕೂಡಿಡುವ ನಮಗೆ ಇದು ಹೊಸ ಬುದ್ಧಿಯೇನಲ್ಲ.

ಮನೆಯಿಂದಲೇ ಕೆಲಸ ಮಾಡುವ ಹುಡುಗ ಹುಡುಗಿಯರು ಈಗ ನಮ್ಮ ಹಳ್ಳಿಗಳಲ್ಲೂ ಇದ್ದಾರೆ. ಅವರ ಕಷ್ಟ ನನಗಿಂತ ಜಾಸ್ತಿ ಎಂದು ನನಗೆ ಅನ್ನಿಸುತ್ತದೆ. ಕರೆಂಟ್ ಹೋದರೆ ಎರಡು ದಿನ, ನೆಟ್‌ವರ್ಕ್‌ಗೆ ಗುಡ್ಡದ ತುದಿ, ಮೀಟಿಂಗ್‌ನಲ್ಲಿ ಕ್ಯಾಮೆರಾ ಬಂದ್. ಇಡೀ ದಿನ ಒಬ್ಬರ ಮುಖವನ್ನೂ ನೋಡದೆ ಕಳೆದುಹೋಗುತ್ತದೆ. ಅವರಿಗೆ ನಾನು ಹೇಳುವುದು ಒಂದೇ. ಲಾಗಿನ್ ಆಗುವ ಮೊದಲು ಅರ್ಧ ತಾಸು ಹೊರಗೆ ಹೋಗಿ. ಮಳೆ ಇದ್ದರೂ ಸರಿ. ಹಾಲಿಗೋ ಪೇಪರಿಗೋ ಒಂದು ನೆಪ ಇಟ್ಟುಕೊಳ್ಳಿ. ಮನಸ್ಸು ಬಂದ ಮೇಲೆ ಹೋಗೋಣ ಎಂದು ಕಾಯಬೇಡಿ. ಖಿನ್ನತೆಯಲ್ಲಿ ಮನಸ್ಸು ಮೊದಲು ಬರುವುದಿಲ್ಲ. ಕಾಲು ಮೊದಲು ಹೋಗಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಮನೋತಜ್ಞರು ಕೊಡುವ ಮಾತಿನ ಚಿಕಿತ್ಸೆಯಲ್ಲಿ ಇದೇ ಒಂದು ಮುಖ್ಯ ಉಪಾಯ. ಮೊದಲು ಸಣ್ಣ ಕೆಲಸವೊಂದನ್ನು ಗೊತ್ತುಮಾಡಿ ಮಾಡಿಸುತ್ತಾರೆ, ಉತ್ಸಾಹಕ್ಕೆ ಕಾಯುವುದಿಲ್ಲ.

ಸಂಬಂಧದ ಮಾತು ಹೆಚ್ಚು ಕಷ್ಟ. ಯಾಕೆಂದರೆ ಹತ್ತಿರದವರಿಗೆ ಇದು ಕಾಯಿಲೆಯಾಗಿ ಕಾಣುವುದಿಲ್ಲ, ತಮ್ಮ ಮೇಲಿನ ಸಿಟ್ಟಾಗಿ ಕಾಣುತ್ತದೆ. ನಮ್ಮ ಮನೆಯವರು ತೋಟದಿಂದ ಕಂಬಳಿಕೊಪ್ಪೆ ಕೊಡವಿ ಒಳಗೆ ಬಂದು ‘ಚಾ ಆಯ್ತಾ?’ ಎಂದು ಕೇಳುತ್ತಿದ್ದರು. ನಾನು ಸುಮ್ಮನಿರುತ್ತಿದ್ದೆ. ಉತ್ತರ ಕೊಡಲು ಬಾಯಿ ತೆರೆಯುವುದೇ ದೊಡ್ಡ ಕೆಲಸ ಅನ್ನಿಸುತ್ತಿತ್ತು. ಅವರು ಒಂದು ನಿಮಿಷ ನಿಂತು, ತಾವೇ ಒಲೆಯ ಮೇಲೆ ನೀರಿಟ್ಟು, ಜಗುಲಿಗೆ ಹೋಗಿ ಕೂರುತ್ತಿದ್ದರು. ಹೀಗೆ ಎಷ್ಟೋ ಸಂಜೆ. ಇವಳಿಗೆ ನಾನು ಬೇಡವಾದೆ ಎಂದು ಅವರು ತಿಳಿದಿದ್ದರಂತೆ. ಇವರಿಗೆ ನನ್ನ ಸಂಕಟ ಬೇಡ ಎಂದು ನಾನು ತಿಳಿದಿದ್ದೆ. ನಡುವೆ ಒಂದು ಗೋಡೆಯಷ್ಟೇ ಇತ್ತು. ಅತ್ತೆಯದು ಒಂದೇ ಮಾತು, ‘ಮಳೆಗಾಲ ಅಂದ್ರೆ ಹಂಗೇಯಾ.’ ಅವರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಆದರೆ ಹಾಗೇ ಎಂದು ಬಿಟ್ಟುಬಿಡಬೇಕಾಗಿರಲಿಲ್ಲ.

ಕ್ಯಾಲೆಂಡರ್ ಇಳಿಸಿದ ದಿನ ಮೂರನ್ನೂ ಮನೆಯವರ ಮುಂದೆ ಇಟ್ಟೆ. ಬಾಯಲ್ಲಿ ಹೇಳಲು ಬಾರದ್ದನ್ನು ಆ ಖಾಲಿ ಚೌಕಗಳು ಹೇಳಿದವು. ಆಗ ಬಿಸಿಲಿನ ಕಾಲ, ನಾನೂ ನೆಟ್ಟಗಿದ್ದೆ. ಮಾತಾಡಬೇಕಾದ್ದು ಅಂಥ ಹೊತ್ತಿನಲ್ಲೇ. ಮಂಕು ಕವಿದಾಗ ಒಪ್ಪಂದ ಮಾಡಿಕೊಳ್ಳಲು ಆಗುವುದಿಲ್ಲ. ನಾವು ಕೆಲವು ಮಾತು ಗೊತ್ತು ಮಾಡಿಕೊಂಡೆವು. ನಾನು ಸುಮ್ಮನಿದ್ದರೆ ಅವರು ‘ಏನಾಯ್ತು?’ ಎಂದು ಕೇಳುವುದಿಲ್ಲ, ‘ಮೋಡವಾ?’ ಎಂದು ಕೇಳುತ್ತಾರೆ. ಹೌದು ಎಂದು ತಲೆ ಆಡಿಸಿದರೆ ಸಾಕು, ಅದು ಅವರ ಮೇಲಿನ ಸಿಟ್ಟಲ್ಲ ಎಂದು ಅರ್ಥ. ಜುಲೈ, ಆಗಸ್ಟ್‌ನಲ್ಲಿ ದೊಡ್ಡ ತೀರ್ಮಾನ ಯಾವುದೂ ಇಲ್ಲ. ಕೆಲಸ ಬಿಡುವುದು, ತವರಿಗೆ ಹೋಗಿಬಿಡುವುದು, ಜಾಗ ಮಾರುವುದು ಎಲ್ಲ ದಸರೆ ಕಳೆದ ಮೇಲೆ. ಮತ್ತೆ, ಅವರು ನನ್ನನ್ನು ನಗಿಸಲು, ಬುದ್ಧಿ ಹೇಳಲು ಹೋಗುವುದಿಲ್ಲ. ಬೆಳಿಗ್ಗೆ ಜೊತೆಗೆ ಹೊರಡುತ್ತಾರೆ, ಅಷ್ಟೇ. ಜೊತೆಗಿರುವವರು ಗಂಡನೇ ಆಗಲಿ, ಗೆಳತಿಯೇ ಆಗಲಿ, ‘ಧೈರ್ಯ ತಗೋ’ ಎನ್ನುವುದಕ್ಕಿಂತ ‘ಚಪ್ಪಲಿ ಹಾಕ್ಕೋ’ ಎನ್ನುವುದು ಹೆಚ್ಚು ಉಪಕಾರ. ಅವರಿಗೂ ದಣಿವಾಗುತ್ತದೆ. ವಾರಕ್ಕೊಂದು ಸಂಜೆ ನಮ್ಮ ಮನೆಯವರು ತಾಳಮದ್ದಳೆಗೆ ಹೋಗಿ ಬರುತ್ತಾರೆ, ನನ್ನನ್ನು ಬಿಟ್ಟು ಹೋದೆ ಎಂದು ಬೇಸರಿಸದೆ.

ತಾಳಮದ್ದಳೆ ಅಂದಾಗ ಒಂದು ಮಾತು ಹೇಳಬೇಕು. ಆಟದ ಮೇಳಗಳು ತಿರುಗಾಟ ಮುಗಿಸಿದ ಮೇಲೆ, ಮಳೆಗಾಲದ ರಾತ್ರಿಗಳಲ್ಲಿ ಜನ ಒಂದು ಜಗುಲಿಯಲ್ಲಿ ಸೇರಿ ವೇಷವಿಲ್ಲದೆ ಅರ್ಥ ಹೇಳುತ್ತಾ ಕೂರುವುದು ನಮ್ಮ ಕಡೆಯ ಹಳೆಯ ರೂಢಿ. ಯಾರೂ ಇದನ್ನು ಚಿಕಿತ್ಸೆ ಎಂದು ಶುರು ಮಾಡಿದ್ದಲ್ಲ. ಆದರೆ ವರ್ಷದ ಅತಿ ಒಂಟಿ ಕಾಲದಲ್ಲಿ ಹತ್ತು ಜನ ಒಂದು ಕಡೆ ಕೂರುವ ಏರ್ಪಾಡು ಅದು. ಹೆಂಗಸರಿಗೂ ಭಜನೆಯೋ ಹಪ್ಪಳದ ಕೆಲಸವೋ ಒಂದು ಇತ್ತು. ಅವು ಕಮ್ಮಿಯಾದ ಊರುಗಳಲ್ಲಿ ಮಳೆಗಾಲ ಇನ್ನೂ ಉದ್ದ ಆಗಿದೆ ಎಂದು ನನಗನ್ನಿಸುತ್ತದೆ.

ಈಗ ಚಿಕಿತ್ಸೆ. ಬೆಳಕಿನ ಪೆಟ್ಟಿಗೆ ಎಂಬ ಸಾಧನವಿದೆ. 10,000 ಲಕ್ಸ್ ಬೆಳಕು ಕೊಡುತ್ತದೆ. ಬೆಳಿಗ್ಗೆ ಎದ್ದ ಕೂಡಲೇ 20ರಿಂದ 30 ನಿಮಿಷ ಅದರ ಎದುರು ಕೂತು ಚಾ ಕುಡಿಯಬಹುದು, ಪೇಪರ್ ಓದಬಹುದು. ನೇರ ದಿಟ್ಟಿಸಬಾರದು. ಸಂಜೆ ಬಳಸಿದರೆ ನಿದ್ದೆ ಕೆಡುತ್ತದೆ. ಮನಸ್ಸು ವಿಪರೀತ ಏರಿ ಇಳಿಯುವ ಬೈಪೋಲಾರ್ ಕಾಯಿಲೆ ಇರುವವರಿಗೆ ಇದು ಉನ್ಮಾದ ತರಿಸಬಹುದು, ಕಣ್ಣಿನ ಪರದೆಯ ತೊಂದರೆ ಇದ್ದವರಿಗೂ ಒಳ್ಳೆಯದಲ್ಲ. ಹಾಗಾಗಿ ವೈದ್ಯರನ್ನು ಕೇಳದೆ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬೇಡಿ. ನಮ್ಮ ಕಡೆ ಕರೆಂಟಿನ ಸ್ಥಿತಿ ನೋಡಿದರೆ ಇನ್ವರ್ಟರ್ ಕೂಡ ಬೇಕಾಗುತ್ತದೆ. ಖಿನ್ನತೆಯ ಮಾತ್ರೆಗಳೂ ಕೆಲಸ ಮಾಡುತ್ತವೆ. ಪರಿಣಾಮ ಕಾಣಲು ಕೆಲವು ವಾರ ಬೇಕು, ಮತ್ತು ಹುಷಾರಾಯಿತು ಎಂದು ನಾವೇ ಒಮ್ಮೆಲೇ ನಿಲ್ಲಿಸಬಾರದು. ಮೂರನೆಯದು ಮಾತಿನ ಚಿಕಿತ್ಸೆ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಕೆಲ್ಲಿ ರೋಹನ್ 177 ಜನರಲ್ಲಿ ಬೆಳಕು ಮತ್ತು ಮಾತು ಎರಡನ್ನೂ ಹೋಲಿಸಿ ನೋಡಿದ್ದಾರೆ. ಮೊದಲ ಚಳಿಗಾಲದಲ್ಲಿ ಎರಡೂ ಸರಿಸಮ. ಎರಡು ಚಳಿಗಾಲ ಕಳೆದ ಮೇಲೆ ನೋಡಿದರೆ ಮಾತಿನ ಚಿಕಿತ್ಸೆ ಪಡೆದವರಲ್ಲಿ ಖಿನ್ನತೆ ಮರಳಿ ಬಂದಿದ್ದು ಕಮ್ಮಿ. ‘ಮಳೆ ಬಂತು, ಇನ್ನು ನನ್ನ ಕಥೆ ಮುಗೀತು’ ಎಂಬ ಮಾತನ್ನು ಹಿಡಿದು ಪ್ರಶ್ನೆ ಕೇಳಲು ಅದು ಕಲಿಸುತ್ತದೆ. ನನಗೆ ಹೆಚ್ಚು ಒದಗಿದ್ದೂ ಅದೇ.

ಎಲ್ಲಿಗೆ ಹೋಗುವುದು? ತಾಲ್ಲೂಕು ಆಸ್ಪತ್ರೆಗಳಿಗೆ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಗೊತ್ತಾದ ದಿನ ಮನೋವೈದ್ಯರು ಬರುತ್ತಾರೆ. ಸಾಮಾನ್ಯವಾಗಿ ಮಂಗಳವಾರ, ನಿಮ್ಮಲ್ಲಿ ಯಾವಾಗ ಎಂದು ವಿಚಾರಿಸಿಕೊಂಡು ಹೋಗಿ. ಘಟ್ಟ ಇಳಿಯಲಾಗದ ದಿನ, ರಸ್ತೆ ಬಂದ್ ಆದ ದಿನ ಫೋನ್ ಇದೆ. ಟೆಲಿ ಮಾನಸ್, 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸೇವೆ ಇದು. ದುಡ್ಡಿಲ್ಲ, ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎರಡು ವಾರ ಕಳೆದರೂ ಮಂಕು ಇಳಿಯದಿದ್ದರೆ, ಕೆಲಸವೋ ಮನೆಯೋ ನಡೆಯದಂತಾದರೆ, ಕುಡಿತ ಜಾಸ್ತಿಯಾದರೆ ತಡಮಾಡಬೇಡಿ. ಬದುಕು ಸಾಕು ಅನ್ನಿಸಿದರೆ ಎರಡು ವಾರವಲ್ಲ, ಅದೇ ಕ್ಷಣ ಫೋನ್ ಮಾಡಿ, ಮನೆಯಲ್ಲಿ ಒಬ್ಬರನ್ನು ಎಬ್ಬಿಸಿ ಹೇಳಿ. ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಹೇಳಿದರೆ ಬುದ್ಧಿ ಹೇಳಲು ಹೋಗಬೇಡಿ, ಒಂಟಿ ಬಿಡಬೇಡಿ.

ಕಳೆದ ಮೇ ಕೊನೆಗೆ ತಟ್ಟಿ ಕಟ್ಟುವಾಗ ಮನೆಯವರು ಪೂರ್ವ ದಿಕ್ಕಿನ ಒಂದು ಅಂಕಣ ಹಾಗೇ ಬಿಟ್ಟರು. ಎರಚಲು ಹೊಡೆದು ಜಗುಲಿ ಒದ್ದೆಯಾಗುತ್ತಿತ್ತು, ಅತ್ತೆ ಗೊಣಗುತ್ತಾ ಹಳೆಯ ಗೋಣಿಚೀಲ ಹಾಸಿದರು. ಅಲ್ಲೇ ಕೂತು ಬೆಳಗಿನ ಚಾ. ಮಂಕು ಬಂತು, ಹಿಂದಿನಷ್ಟು ದಟ್ಟವಾಗಿರಲಿಲ್ಲ. ಕ್ಯಾಲೆಂಡರ್‌ನಲ್ಲಿ ಜುಲೈ 8ರವರೆಗೆ ನನ್ನ ಅಂಕಿ ಇದೆ. ಆಮೇಲೆ ಆರು ದಿನ ಅಂಕಿಗಳು ದಪ್ಪಗೆ, ವಾಲಿಕೊಂಡು, ಚೌಕದ ಗೆರೆ ದಾಟಿವೆ. ಅದು ಅವರ ಕೈಬರಹ. 15ರಿಂದ ಮತ್ತೆ ನನ್ನದು.